ಮುತುಪ್‌ನ ಮೂಗು

ಊರಿನ ಬೌದ್ಧ ಮಠವಾದ ಗೊಂಪಾದ ಬಾಗಿಲ ಪಕ್ಕದ ಗೋಡೆಗೆ, ದೇವಲೋಕದಿಂದ ನರಕದವರೆಗೆ ಎಲ್ಲ ಲೋಕಗಳೂ ಇರುವ ಭವಚಕ್ರದ ಚಿತ್ರ ಬರೆಯಲು ಒಪ್ಪಿಕೊಂಡಿದ್ದೇ ನನ್ನ ತಪ್ಪು. ದೇವಲೋಕ ಬರೆಯುವಾಗ ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ನರಕಕ್ಕೆ ಕೈಹಾಕಿದ್ದೇ ತಡ, ಊರಿಗೆ ಊರೇ ಬೆನ್ನ ಹಿಂದೆ!

ಊರಿಗೆಲ್ಲ ಅಜ್ಜಿಯಾದ ಕುಂಜೆಸ್ ಅಬಿಯಂತೂ ಬೆಳಗಾದರೆ ಸಾಕು, ಮೂತಿ ನೆಗ್ಗಿದ ಗಿಂಡಿಯಲ್ಲಿ ಬೆಣ್ಣೆ ಚಹಾ ಹಿಡಿದು ಬಂದು ಕೂರುತ್ತಿದ್ದಳು. ಅವತ್ತು ಕುದಿಯುವ ಕೊಪ್ಪರಿಗೆಯೊಳಗಿದ್ದ ಒಬ್ಬನನ್ನು ನೋಡಿದವಳೇ ಎದೆ ಹಿಡಿದುಕೊಂಡಳು.

"ಅಯ್ಯೋ, ಇದು ನಮ್ಮೆಜಮಾನ್ರ ಮೂಗು!"

"ಅಬಿ, ನರಕದಲ್ಲಿರೋರಿಗೆಲ್ಲ ನಾನು ಅದೇ ಮೂಗು ಇಡೋದು. ಪಕ್ಕದವನನ್ನ ನೋಡು."

"ಪಕ್ಕದವನು ಯಾರೋ ಏನೋ. ಇವರು ಮಾತ್ರ ನಮ್ಮವರೇ."

ಅವಳ ಗಂಡ ಮುತುಪ್ ಸತ್ತು ವರ್ಷವಾಗಿರಲಿಲ್ಲ. ಚಳಿಗಾಲಕ್ಕೆ ಮುಂಚೆ ಊರಿನ ಕುರಿಗಳನ್ನೆಲ್ಲ ಕಡಿದು ಕೊಡುತ್ತಿದ್ದವನು ಅವನೊಬ್ಬನೇ; ಮಿಕ್ಕವರ ಕೈಗೆ ರಕ್ತ ಅಂಟಬಾರದಲ್ಲ! ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿತು. ಒಬ್ಬೊಬ್ಬರೇ ಬಂದು ಮೂಗು ನೋಡಿ ತಲೆಯಾಡಿಸಿದರು.

"ಹೌದು, ಅವನೇ. ಕಡಿದಿದ್ದೇನು ಕಮ್ಮಿಯಾ?" ಅಂದ ಪಕ್ಕದ ಮನೆಯ ಇಶೇ.

"ನೀನು ತಿಂದಿದ್ದೇನು ಕಮ್ಮಿಯಾ?" ಅಬಿ ಉರಿದುಬಿದ್ದಳು. "ಮಾಂಸದ ತುಕ್ಪಾ ಹೀರುವಾಗ ಪಾಪ ನೆನಪಾಗಲಿಲ್ವಾ? ಎಲ್ಲರೂ ತಿಂದು ಬಾಯಿ ಒರೆಸ್ಕೊಂಡ್ರಿ, ಕೊಪ್ಪರಿಗೆಗೆ ಮಾತ್ರ ಅವರೊಬ್ಬರೇ!"

ಇಶೇ ಮೆಲ್ಲಗೆ ಜಾಗ ಖಾಲಿ ಮಾಡಿದ. ನನಗೋ ತಲೆ ಚಿಟ್ಟುಹಿಡಿದಿತ್ತು. "ಸಾಕು ಮಹರಾಯ್ತಿ, ಆ ಮೂಗೇ ಅಳಿಸಿಬಿಡ್ತೀನಿ," ಎಂದು ಕುಂಚ ಎತ್ತಿದೆ.

ಅವಳು ಥಟ್ಟನೆ ನನ್ನ ಮುಂಗೈ ಹಿಡಿದಳು. "ಅಳಿಸಬೇಡ್ವೋ. ಅಳಿಸಿದ್ರೆ ಅವರು ಅಲ್ಲಿಂದ ಎದ್ದು ಬರ್ತಾರಾ? ಪಕ್ಕದಲ್ಲಿ ನನ್ನನ್ನೂ ಬರಿ. ಇದ್ದಷ್ಟು ದಿನ ಒಂದು ಬಟ್ಟಲು ಚಹಾ ತಾವಾಗಿ ಬಗ್ಗಿಸ್ಕೊಂಡವರಲ್ಲ. ಆ ಬೆಂಕೀಲಿ ಯಾರು ಕೊಡ್ತಾರೆ?"

"ಬದುಕಿರೋರನ್ನ ನರಕದಲ್ಲಿ ಬರೆಯೋಕಾಗುತ್ತಾ? ತಲೆಗಿಲೆ ಕೆಟ್ಟಿದೆಯಾ ನಿನಗೆ?" ಎಂದು ರೇಗಿದೆ. ಕೈ ಬಿಡಿಸಿಕೊಂಡು ಗೋಡೆಯತ್ತ ತಿರುಗಿದೆ.

ಭವಚಕ್ರದ ಸಂಪ್ರದಾಯದಂತೆ ನರಕದಲ್ಲೂ ಒಬ್ಬ ಬುದ್ಧ ನಿಲ್ಲಬೇಕು, ಅವನ ಕೈಯಲ್ಲಿ ನೀರಿರಬೇಕು. ಆ ನೀರಿನ ಪಾತ್ರೆ ಹೇಗಿರಬೇಕೆಂದು ಮಾತ್ರ ನನ್ನ ಗುರುಗಳು ಹೇಳಿರಲಿಲ್ಲ. ಬುದ್ಧನನ್ನು ಕೊಪ್ಪರಿಗೆಯ ಪಕ್ಕದಲ್ಲೇ ನಿಲ್ಲಿಸಿ, ಅವನ ಕೈಗೆ ಮೂತಿ ನೆಗ್ಗಿದ ಗಿಂಡಿಯೊಂದನ್ನು ಕೊಟ್ಟೆ.

ಅಬಿ ಗೋಡೆ ನೋಡಿದಳು, ಮಡಿಲಲ್ಲಿದ್ದ ತನ್ನ ಗಿಂಡಿ ನೋಡಿದಳು. ಅಬ್ಬ, ಅಂತೂ ಮುಗಿಯಿತು ಅಂದುಕೊಂಡೆ.

"ಈ ಕಡೆಯಿಂದ ಕೊಟ್ರೆ ಹೇಗೋ?" ಅಂದಳು, ಕಣ್ಣೊರೆಸಿಕೊಳ್ಳುತ್ತ. "ಅವರು ಎಡಚರಲ್ವಾ."

ಗೊಣಗುತ್ತಲೇ ಬುದ್ಧನನ್ನು ಅಳಿಸಿ, ಎಡಗೈ ಬದಿಗೆ ನಿಲ್ಲಿಸಿದೆ.