ಹುಡುಗಿಯದು ಯಾವ ಬಳಿ

ಮತ್ತೆ ಹೆಗಲಿಗೆ ಬಿತ್ತು ಈ ಮನುಷ್ಯನ ತಲೆ, ಹೊಸನಗರ ದಾಟಿದ ಮೇಲೆ ಮೂರನೆಯ ಸಲ, ಕೆರಿಯಮ್ಮ ತಳ್ಳಿದಳು, ಅದು ಬಸ್ಸಿನ ಕಿಟಕಿಗೆ ಬಡಿದು ಮತ್ತೆ ಇತ್ತಲೇ ವಾಲಿತು — ನಿದ್ದೆ ಹೇಗಾದರೂ ಬರುತ್ತದೋ ಗಂಡನೆಂಬ ಈ ಪ್ರಾಣಿಗೆ, ಮಗಳ ಸಂಬಂಧ ಕೆಡಿಸಿ ಕೂತವನಿಗೆ. ನಿನ್ನೆ ಹುಡುಗನ ಕಡೆಯವರು ಕೋಣಂದೂರಿನಿಂದ ಸಾಗರದವರೆಗೆ ಬಂದು, ಉಪ್ಪಿಟ್ಟು ತಿಂದು, ಸರೋಜಳನ್ನು ಒಪ್ಪಿ, ಕಡೆಗೆ ಕೇಳಿದ್ದು ಒಂದೇ ಮಾತು, ನಿಮ್ದು ಯಾವ ಬಳಿ ಗುತ್ಯಪ್ಪಣ್ಣ, ಇವನೋ ಮೀಸೆ ಸವರಿಕೊಂಡು ಹೊನ್ನೆ ಬಳಿ ಅಂದುಬಿಟ್ಟ, ಹುಡುಗನದೂ ಹೊನ್ನೆ, ಬಳಿಯೆಂದರೆ ಗೋತ್ರವಿದ್ದ ಹಾಗೆ, ಒಂದೇ ಆದರೆ ಅಣ್ಣ ತಂಗಿ, ಕೆರಿಯಮ್ಮ ಎಲೆ ಅಡಿಕೆ ತಟ್ಟೆ ಹಿಡಿದು ಬರುವಷ್ಟರಲ್ಲಿ ಅವರು ಗೇಟು ದಾಟಿದ್ದರು. ಬಳಿ ಬರುವುದು ತಾಯಿಯಿಂದ, ಅಪ್ಪನದು ಅಪ್ಪನಿಗೇ ಮುಗಿಯಿತು, ಹಾಲು ಕುಡಿಯುವ ಕೂಸಿಗೂ ಗೊತ್ತು, ಸರೋಜಳದು ತನ್ನ ಸುರಗಿ ಬಳಿ, ಇವನಿಗೆ ಮಾತ್ರ ಕೇಳಿದ್ದು ತನ್ನದನ್ನೇ ಎಂಬ ಜಂಬ. ಮೊನ್ನೆಯಷ್ಟೇ ಸರೋಜ ಕಾಲೇಜಿನಿಂದ ಪೇಪರು ತಂದು ಓದಿ ಹೇಳಿರಲಿಲ್ಲವೇ, ನೋಡಪ್ಪ, ಜೀವಕೋಶದಾಗೆ ಒಂದು ಡಿಎನ್‌ಎ ಅದೆ, ತಾಯಿಂದ್ಲೇ ಬರೋದು, ಗಂಡಸ್ರಿಗೆ ಬಂದ್ರೂ ಮುಂದಕ್ಕೆ ಹೋಗಲ್ಲ, ಹಿಂದಕ್ಕೆ ಹಿಂದಕ್ಕೆ ಹೋದ್ರೆ ಲೋಕದ ಎಲ್ರಿಗೂ ಒಬ್ಳೇ ಅಜ್ಜಿ, ಎರಡು ಲಕ್ಷ ವರ್ಷದ ಕೆಳಗೆ, ಆಫ್ರಿಕಾದಾಗೆ — ಹಂಗಾದ್ರೆ ಎಲ್ರೂ ಒಂದೇ ಬಳಿ, ಯಾರಿಗೂ ಮದ್ವೆನೇ ಇಲ್ಲ ಬಿಡು ಎಂದು ಇವನು ನಕ್ಕ, ಆ ಅಪಶಕುನದ ಬಾಯಿ. ಅಮೆರಿಕದವರು ಈಗ ಕಂಡುಹಿಡಿದದ್ದನ್ನು ನಮ್ಮ ಮುದುಕಿಯರು ಎಲೆಯಡಿಕೆಯ ಕವಳ ಅಗಿಯುತ್ತಲೇ ಹೇಳುತ್ತಿದ್ದರು, ಕೇಳುವ ಕಿವಿ ಬೇಕಲ್ಲ. ಸರೋಜ ಅಳಲಿಲ್ಲ, ಉಟ್ಟ ರೇಷ್ಮೆ ಸೀರೆಯಲ್ಲೇ ರಾತ್ರಿಯವರೆಗೆ ಕೂತಿದ್ದಳು, ಹುಡುಗ ಅವಳ ಮನಸ್ಸಿಗೆ ಬಂದಿದ್ದ, ಅದಕ್ಕೇ ಕೆರಿಯಮ್ಮ ಬೆಳಗಾಗುತ್ತಲೇ ಗಂಡನನ್ನು ಕೋಣಂದೂರಿಗೆ ಹೊರಡಿಸಿದ್ದು.

ಹುಡುಗನ ಅಮ್ಮನಿಗೆ ನೇರ ಹೇಳಿಬಿಡಬೇಕು, ನನ್ ಮಗಳು ಸುರಗಿ ಬಳಿ ಕಣಮ್ಮ, ನಂದೂ ಸುರಗಿ, ನಮ್ಮಮ್ಮಂದೂ — ಅಮ್ಮನದು ಸುರಗಿ ಎಂದು ಯಾರು ಹೇಳಿದ್ದು, ಅಮ್ಮ ತನ್ನನ್ನು ಹೆತ್ತ ಮೂರನೆಯ ದಿನವೇ ತೀರಿಹೋದಳು, ಹೇಳಿದ್ದು ಚಿಕ್ಕಮ್ಮ, ಅಪ್ಪ ಆಮೇಲೆ ತೀರ್ಥಹಳ್ಳಿ ಕಡೆಯಿಂದ ಮದುವೆಯಾಗಿ ತಂದವಳು, ಅಮ್ಮನಿಗೆ ನೆಂಟಳೂ ಅಲ್ಲ ಬಳಗವೂ ಅಲ್ಲ, ಜಗಲಿಯಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು, ನಂದು ಯಾವ ಬಳಿ ಚಿಕ್ಕಮ್ಮ ಎಂದದ್ದಕ್ಕೆ ಬಾಚಣಿಗೆ ಕೂದಲ ನಡುವೆ ನಿಂತಿತು, ಆಮೇಲೆ, ನಂದೇ ನಿಂದೂ ಮಗಾ, ಸುರಗಿ. ಕೂದಲು ಸಿಕ್ಕಾಗಿರಬೇಕು ಎಂದುಕೊಂಡಿದ್ದಳು ಆಗ ಕೆರಿಯಮ್ಮ. ಈಗ ಕೇಳೋಣವೆಂದರೆ ಅಪ್ಪನಿಲ್ಲ, ಚಿಕ್ಕಮ್ಮನಿಲ್ಲ, ಅಮ್ಮನದು ಹೊನ್ನೆಯೇ ಆಗಿದ್ದರೆ ಆ ಹುಡುಗ ಸರೋಜಳಿಗೆ ಅಣ್ಣ, ಇವನು ತನಗೆ — ಥೂ, ಇಪ್ಪತ್ಮೂರು ವರ್ಷದ ಸಂಸಾರ. ಕೋಣಂದೂರು ಯಾರ್ರೀ, ಇಳೀರಿ, ಕಂಡಕ್ಟರ್ ಕೂಗಿದ, ಗಂಡ ಕಣ್ಣುಜ್ಜಿಕೊಂಡು ಎದ್ದ, ಈ ಸಲ ನೀನೇ ಹೇಳು ಮಾರಾಯ್ತಿ, ಯಾವ ಬಳಿ ಅಂತ — ಆವತ್ತು ಸಿಕ್ಕು ಎಲ್ಲಿತ್ತು, ಎಣ್ಣೆ ಹಚ್ಚಿ ನೆನೆಸಿದ ತಲೆ, ನಡುವೆ ನಿಂತ ಬಾಚಣಿಗೆ, ಬಾಚಣಿಗೆ ನಿಂತೇ ಇತ್ತು.