ರಲಿತ್ಸಾ ತಿದ್ದಿ ತಲುಪಿಸಿದ ಮಾತು

ವಿಚ್ಛೇದನವಾಗಿ ಎರಡು ವರ್ಷ ಕಳೆದರೂ ನೆವೆನಾ ತನ್ನ ಮಾಜಿ ಗಂಡ ಪ್ಲಾಮೆನ್ ಜೊತೆ ಒಂದೇ ಒಂದು ಮಾತಾಡಿರಲಿಲ್ಲ. ರೂಸೆ ಅಷ್ಟೇನೂ ದೊಡ್ಡ ಊರಲ್ಲ. ಡ್ಯಾನ್ಯೂಬ್ ದಂಡೆಯಲ್ಲಿ ಎದುರುಬದುರಾದರೆ ಇಬ್ಬರೂ ನದಿಯನ್ನು ಅವತ್ತೇ ಮೊದಲು ಕಂಡವರಂತೆ ಅತ್ತ ತಿರುಗಿ ನಿಲ್ಲುತ್ತಿದ್ದರು. ಹೇಳಲೇಬೇಕಾದದ್ದನ್ನು ಹೊತ್ತೊಯ್ಯಲು ಹತ್ತು ವರ್ಷದ ಮಗಳು ರಲಿತ್ಸಾ ಇದ್ದಳಲ್ಲ! ವಾರವಿಡೀ ಅಮ್ಮನ ಮನೆ, ಶನಿವಾರ ಭಾನುವಾರ ಅಪ್ಪನ ಮನೆ.

“ನಿಮ್ಮಪ್ಪನಿಗೆ ಹೇಳು, ಅವರಮ್ಮ ಮಾಡಿದ ಮೆಣಸಿನ ಚಟ್ನಿ ಹಂದಿಗೂ ಸೇರಲ್ಲ ಅಂತ. ಮತ್ತೆ ಈ ಚಳೀಲಿ ಮಗೂನ ಈಜೋಕೆ ಕಳಿಸಬಾರದು ಅಂತಾನೂ ಹೇಳು.”

ರಲಿತ್ಸಾ ತಲೆಯಾಡಿಸಿ ಹೋಗುತ್ತಿದ್ದಳು. ಸೋಮವಾರ ಉತ್ತರ ತರುತ್ತಿದ್ದಳು: “ಈಜಿನ ವಿಷಯದಲ್ಲಿ ನಿನ್ನ ಮಾತು ಸರಿಯಂತೆ, ಅಪ್ಪ ಯೋಚಿಸ್ತಾನಂತೆ.”

ಹನ್ನೊಂದು ವರ್ಷದ ಸಂಸಾರದಲ್ಲಿ ಒಮ್ಮೆಯೂ ಹಾಗೆಂದವನಲ್ಲ! ನೆವೆನಾ ತನ್ನ ಪಾರ್ಲರಿನಲ್ಲಿ ಗಿರಾಕಿಗಳ ಕೂದಲು ಕತ್ತರಿಸುತ್ತ, “ಡೈವೋರ್ಸು ಅವನನ್ನ ಮನುಷ್ಯನನ್ನಾಗಿ ಮಾಡ್ತು ನೋಡ್ರಿ” ಎಂದು ಬೀಗತೊಡಗಿದಳು.

ಶಾಲೆಯಲ್ಲಿ ಪೋಷಕರ ಸಭೆಯ ದಿನ ಪ್ಲಾಮೆನ್ ದೊಡ್ಡ ಚೀಲ ಹಿಡಿದು ನೇರ ಅವಳೆದುರಿಗೇ ಬಂದ. ಒಳಗೆ ಚಟ್ನಿಯ ನಾಲ್ಕು ಬಾಟಲಿ.

“ತಗೋ. ನೀನು ಅಷ್ಟು ಹೊಗಳಿದ ಮೇಲೆ ಅಮ್ಮ ಸುಮ್ನಿರ್ತಾಳಾ?”

“ಯಾರು ಹೊಗಳಿದ್ದು?”

“ಬೆರಳು ಚೀಪೋ ಹಾಗಿದೆ ಅಂದೆಯಂತೆ. ಕೇಳಿ ಅಮ್ಮ ಅತ್ತೇಬಿಟ್ಟಳು.”

“ಅಲ್ಲ ಮಾರಾಯ, ಈಜಿನ ವಿಷಯದಲ್ಲಿ ನನ್ನ ಮಾತು ಸರಿ ಅಂದೆಯಲ್ಲ ನೀನು?”

“ನಾನಾ? ನಿಂಗೆ ತಲೆ ಕೆಟ್ಟಿದೆ ಅಂದಿದ್ದೆ.”

ನೆವೆನಾಗೆ ಮೊದಲು ನಗು ಬಂತು, ಹಿಂದೆಯೇ ನಾಚಿಕೆ. ತಾವಿಬ್ಬರೂ ಕಾರಿಕೊಂಡದ್ದನ್ನೆಲ್ಲ ಒಂದು ಕೂಸು ಎರಡು ವರ್ಷ ತಾನೊಂದೇ ತೊಳೆದು, ಒಣಗಿಸಿ, ಮಡಿಸಿ ತಲುಪಿಸಿತ್ತು.

ಸಭೆ ಮುಗಿದ ಮೇಲೆ ಮಗಳನ್ನು ಶಾಲೆಯ ಬೆಂಚಿನ ಮೇಲೆ ಕೂರಿಸಿದರು. “ಸುಳ್ಳು ಹೇಳೋದು ತಪ್ಪು,” ಎಂದು ಇಬ್ಬರೂ ಒಟ್ಟಿಗೇ ಅಂದರು. ಅವರು ಒಂದೇ ಮಾತನ್ನು ಒಂದೇ ಸಲ ಆಡಿದ್ದು ಬಹುಶಃ ಮದುವೆಯ ದಿನ ಬಿಟ್ಟರೆ ಅವತ್ತೇ.

“ಹಾಗಾದ್ರೆ ನೀವೇ ಮಾತಾಡ್ಕೊಳ್ಳಿ,” ಎಂದಳು ರಲಿತ್ಸಾ. “ನಂಗೂ ಸಾಕಾಗಿದೆ. ರಾತ್ರಿಯೆಲ್ಲ ಏನು ಹೇಳೋದು ಅಂತ ಯೋಚಿಸ್ಬೇಕು.”

ಬುಧವಾರಕ್ಕೊಮ್ಮೆ ಫೋನು ಎಂದು ಗೊತ್ತುಮಾಡಿಕೊಂಡರು. ಮೊದಲನೇ ಸಲ ನೆವೆನಾ ಎರಡೇ ನಿಮಿಷಕ್ಕೆ ಫೋನಿಟ್ಟಳು. ಎರಡನೇ ಸಲ ಅವನು. ಮೂರನೇ ಬುಧವಾರ ಹಳೆಯದನ್ನು ಕೆದಕಬಾರದೆಂದು ಒಪ್ಪಿ, ಕೆದಕಿ, ಕ್ಷಮೆ ಕೇಳಿದರು. ತಿಂಗಳೆರಡು ಕಳೆಯುವಷ್ಟರಲ್ಲಿ ಮಗಳ ಗಣಿತ, ಹಲ್ಲು, ಬೂಟು ಎಲ್ಲ ಹತ್ತು ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು. ಇಷ್ಟು ಒಳ್ಳೆಯ ಗಂಡನನ್ನು ಯಾಕೆ ಬಿಟ್ಟೆ ಎಂದು ಗಿರಾಕಿಯೊಬ್ಬಳು ಕೇಳಿದಾಗ ನೆವೆನಾ, “ಗಂಡನಾಗಿದ್ದಾಗ ಹೀಗಿರಲಿಲ್ಲ ಕಣ್ರೀ, ನಾನೂ ಇರಲಿಲ್ಲ” ಎಂದಳು.

ವಸಂತದಲ್ಲಿ ರಲಿತ್ಸಾ ನಾಯಿಮರಿ ಕೇಳಿದಳು. ಅಮ್ಮ ಬೇಡ ಎಂದಳು. ಅಪ್ಪನ ಮನೆಗೆ ಓಡಿದರೆ ಅಲ್ಲಿ ಅಪ್ಪ, “ಅಮ್ಮ ಆಗಲೇ ಫೋನ್ ಮಾಡಿದ್ಲು, ಬೇಡ” ಎಂದ.

“ನನ್ನ ಕ್ಲಾಸಲ್ಲಿ ಡೈವೋರ್ಸಾದವರ ಮಕ್ಕಳಿಗೆ ಎಲ್ಲಾನೂ ಎರಡೆರಡು ಸಿಗುತ್ತೆ!” ಎಂದು ಅವಳು ಕಣ್ಣೀರಿಟ್ಟಳು. “ನೀವಿಬ್ರೂ ಸರಿಯಾಗಿ ಡೈವೋರ್ಸೇ ಆಗಿಲ್ಲ!”