ಇಬ್ಬರು ಸೇರಿ ಹೊಡೆಯುವ ಆಟ

ಬಾಯಿ ಬಿಡಬೇಡಿ ಎಂದು ಯುಲಿಯನ್ ಬಾಗಿಲಲ್ಲೇ ಅಂಗಲಾಚಿದ್ದಳು. ಅವಳ ಗಂಡ ಚೆಂಗ್‌ನ ಹೊಟ್ಟೆಯಲ್ಲಿದ್ದದ್ದು ಹುಣ್ಣಲ್ಲ, ಕ್ಯಾನ್ಸರ್. ಹೊಸ ವರ್ಷದ ಹಬ್ಬದವರೆಗೆ ಉಳಿಯುವುದಿಲ್ಲವೆಂದು ಡಾಕ್ಟರು ಮಗನಿಗೆ ಹೇಳಿಯಾಗಿತ್ತು. ರೋಗಿಗೆ ಮಾತ್ರ ಹೇಳಿರಲಿಲ್ಲ. ಚೀನಾದ ಈ ಶೇಶಿಯನ್ ಊರಲ್ಲಿ ಯಾರು ತಾನೇ ಹೇಳುತ್ತಾರೆ? ನಾಳೆ ಹೋಗುವವನು ಎದೆ ಒಡೆದುಕೊಂಡು ಇವತ್ತೇ ಹೋಗಿಬಿಟ್ಟರೆ?

"ಹೇಳಿದ್ರೆ ನನ್ನ ನಾಲಿಗೆ ಬಿದ್ದು ಹೋಗ್ಲಿ ಅತ್ತಿಗೆ," ಎಂದ ಫಾಂಗ್. ಜೊತೆಗಿದ್ದ ಲುವೊ ಸುಮ್ಮನೆ ತಲೆಯಾಡಿಸಿದ.

ಚೆಂಗ್ ಸೇರಿ ಮೂವರೂ ಶಾಯಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಸಿಗೆ ಅಂಟು ಬೆರೆಸಿ ನಾದಿದವರು. ನಿವೃತ್ತರಾದ ಮೇಲೆ ದಿನಾ ಮಧ್ಯಾಹ್ನ ಮೂವರ ಚದುರಂಗ. ಮೂರು ಮೂಲೆಯ ಹಾಸನ್ನು ಚೆಂಗ್ ತನ್ನ ಕೈಯಾರೆ ಬರೆದಿದ್ದ. ಫಾಂಗ್‌ನದು ಕೆಂಪು ಸೇನೆ, ಲುವೊನದು ಹಸಿರು, ಚೆಂಗ್‌ನದು ಕಪ್ಪು. ಒಬ್ಬನ ಸೇನಾಪತಿಯನ್ನು ಯಾವನು ಹೊಡೆಯುತ್ತಾನೋ ಸತ್ತವನ ಕಾಯಿಗಳೆಲ್ಲ ಅವನ ಪಾಲು. ಇಂಥ ಆಟದಲ್ಲಿ ಬಲಶಾಲಿಯ ಮೇಲೆ ಉಳಿದಿಬ್ಬರೂ ಬೀಳದೆ ಇರುತ್ತಾರೆಯೇ? ಒಂದೇ ಒಂದು ದಿನವೂ ಮಾತಾಡಿಕೊಳ್ಳದೆ ಫಾಂಗ್ ಮತ್ತು ಲುವೊ ಚೆಂಗ್‌ನ ಮೇಲೆಯೇ ಮುಗಿಬೀಳುತ್ತಿದ್ದರು. ಆದರೂ ಆ ಪುಣ್ಯಾತ್ಮ ಐದರಲ್ಲಿ ಮೂರಾಟ ಗೆಲ್ಲುತ್ತಿದ್ದ! ಸೋತ ದಿನ ಮಾತ್ರ ಇಬ್ಬರಿಗೂ ಬೈಗುಳದ ಮಳೆ.

ಅಂದು ಹಾಸನ್ನು ಮಂಚದ ಮೇಲೆಯೇ ಹರಡಿದರು. ಚೆಂಗ್ ದಿಂಬಿಗೆ ಒರಗಿ ಕೂತ. ಪಕ್ಕದಲ್ಲಿ ಗಂಜಿಯ ಬಟ್ಟಲು ಮುಟ್ಟದ ಹಾಗೇ ಇತ್ತು. ಹತ್ತು ನಡೆಗಳಾದ ಮೇಲೆ ಫಾಂಗ್‌ನ ರಥದ ಎದುರಿಗೆ ಕಪ್ಪು ಕುದುರೆ ಒಂಟಿಯಾಗಿ ಸಿಕ್ಕಿತು. ಹೊಡೆಯಲೆಂದು ಕೈ ಎತ್ತಿದವನ ಕಣ್ಣಿಗೆ ಚೆಂಗ್‌ನ ಮಣಿಕಟ್ಟು ಬಿತ್ತು. ಬರೀ ಮೂಳೆ. ಉಗುರಿನ ಸಂದಿಯಲ್ಲಿ ಇನ್ನೂ ಕಾರ್ಖಾನೆಯ ಮಸಿ. ಫಾಂಗ್ ರಥವನ್ನು ತಿರುಗಿಸಿ ಲುವೊನ ಕಾಲಾಳನ್ನು ಹೊಡೆದ. ಲುವೊ ಸಿಟ್ಟಾಗಲಿಲ್ಲ. ಅವನೂ ತನ್ನ ಫಿರಂಗಿ ಕಾಯಿಯನ್ನು ಬೇಕೆಂದೇ ಚೆಂಗ್‌ನ ಕಾಯಿಗಳ ಬಾಯಿಗೆ ಇಟ್ಟ.

ಚೆಂಗ್ ಅದನ್ನು ಮುಟ್ಟಲಿಲ್ಲ. ಇಬ್ಬರ ಮುಖವನ್ನೂ ನೋಡಿದ.

"ಏನ್ರೋ, ಕೈಗೆ ಲಕ್ವ ಹೊಡೀತಾ? ಕುದುರೆ ಬಿಟ್ಟೆ ಯಾಕೋ, ಫಾಂಗ್?"

"ಕಾಣ್ಲಿಲ್ಲ ಚೆಂಗಣ್ಣ, ವಯಸ್ಸಾಯ್ತು ನೋಡು."

"ಕಾಣ್ಲಿಲ್ವಾ? ಕಳ್ಳ ನನ್ಮಗನೆ, ಇಷ್ಟು ವರ್ಷದಿಂದ ಇಬ್ರೂ ಸೇರಿ ನನ್ನ ಕುತ್ತಿಗೆ ಹಿಸುಕ್ತಾ ಬಂದಿದೀರ. ನಂಗೆ ಹೆದರ್ತೀರ ಅನ್ನೋದೇ ನನ್ನ ಜಂಬ. ಇವತ್ತು ಹೆದರಿಕೆ ಎಲ್ಲಿ ಹೋಯ್ತು?" ಅವನ ದನಿ ತಗ್ಗಿತು. "ಹಬ್ಬದವರೆಗಾದ್ರೂ ಇರ್ತೀನಾ?"

ಫಾಂಗ್ ನಾಲಿಗೆಯನ್ನು ಕಾಪಾಡಿಕೊಂಡಿದ್ದ, ಕೈ ಹೇಳಿಬಿಟ್ಟಿತ್ತು. ಲುವೊ ಗೋಡೆಗೆ ಮುಖ ಮಾಡಿ ಬಿಕ್ಕಿದ.

"ಥೂ, ಅಳಬೇಡ್ವೋ, ಅವಳು ಒಳಗಿದಾಳೆ," ಎಂದ ಚೆಂಗ್. "ನಂಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗೋದು ಬೇಡ. ಪಾಪ, ಒಲೆ ಮುಂದೆ ಕೂತು ಅತ್ತು, ಮುಖ ತೊಳ್ಕೊಂಡು ಬರ್ತಾಳೆ. ಕಾಯಿ ಮತ್ತೆ ಜೋಡ್ಸಿ. ಈ ಸಲ ಸರಿಯಾಗಿ ಹೊಡೀಬೇಕು, ಇಬ್ರೂ."

ಹೊಡೆದರು. ಚೆಂಗ್ ಬೆವರುತ್ತಾ, ಬೈಯುತ್ತಾ ಗಂಟೆಗಟ್ಟಲೆ ತಡೆದ. ಕೊನೆಗೆ ಕಪ್ಪು ಸೇನಾಪತಿ ಫಾಂಗ್‌ನ ಫಿರಂಗಿಗೆ ನೇರ ಸಿಕ್ಕಿದಾಗ ಫಾಂಗ್ ಕಾಯಿ ಎತ್ತದೆ ಚೆಂಗ್‌ನತ್ತ ನೋಡಿದ.

"ಹೊಡಿಯೋ."

ಫಾಂಗ್ ಹೊಡೆದ. ಚೆಂಗ್ ತನ್ನ ಕಪ್ಪು ಕಾಯಿಗಳನ್ನು ಒಂದೊಂದಾಗಿ ಅವನತ್ತ ಸರಿಸಿದ. "ತಗೋ, ಇನ್ನು ನಿನ್ನವು. ಈ ರಥ ಜೋಪಾನ. ನೀನು ಯಾವಾಗ್ಲೂ ಮೂಲೇಲಿ ಮರೆತುಬಿಡ್ತೀಯ."

ಯುಲಿಯನ್ ಚಹಾ ತಂದಳು. "ನೋಡೇ," ಎಂದು ಚೆಂಗ್ ಗಂಟಲು ಹರಿಯುವಂತೆ ಕೂಗಿದ, "ಈ ಕಳ್ಳರು ಇವತ್ತೂ ಸೇರ್ಕೊಂಡು ಹೊಡೆದ್ರು! ನಾಳೆ ಇಬ್ರನ್ನೂ ನೆಲಕ್ಕೆ ತಿಕ್ತೀನಿ!" ತಿಂಗಳಲ್ಲಿ ಮೊದಲ ಸಲ ಅವಳು ನಕ್ಕಳು.

ಗೆಳೆಯರು ಹೊರಟಾಗ ಬಾಗಿಲಿನವರೆಗೆ ಬಂದು ಫಾಂಗ್‌ನ ತೋಳು ಹಿಡಿದಳು. "ನಿಮ್ಮ ಉಪಕಾರ ಮರೆಯಲ್ಲ. ಅವರಿಗೆ ಒಂಚೂರೂ ಅನುಮಾನ ಬರಲಿಲ್ಲ, ಅಲ್ವಾ?"

"ಇಲ್ಲ ಅತ್ತಿಗೆ," ಎಂದ ಫಾಂಗ್. "ಏನೂ ಗೊತ್ತಾಗಿಲ್ಲ."